ಹನ್ನೆರಡನೆಯ ತೇಪೆ

ಗೋಡೆ ಒಡೆಯುವುದಕ್ಕೆ ಸಿಟ್ಟು ಬೇಕು ಎಂದು ಯಾರಾದರೂ ಹೇಳಿದರೆ, ಅವರು ಜನ್ಮದಲ್ಲಿ ಗೋಡೆ ಒಡೆದವರಲ್ಲ ಎಂದೇ ತಿಳಿಯಿರಿ. ಅದಕ್ಕೆ ಬೇಕಾದದ್ದು ತಾಳ್ಮೆ. ಉಳಿಯನ್ನು ಓರೆಯಾಗಿ ಹಿಡಿಯಬೇಕು, ಹಳೆಯ ಗಿಲಾವಿನ ಹಿಂದೆ ಎಲ್ಲಿ ಟೊಳ್ಳಿದೆ ಎಂದು ತಟ್ಟಿ ಕೇಳಬೇಕು, ಅಲ್ಲಿಗೆ ಒಂದು ಪೆಟ್ಟು ಹಾಕಬೇಕು. ತಟ್ಟೆಯಗಲದ ಹೊಪ್ಪಳಿಕೆ ತಾನಾಗಿ ಕಳಚಿ ಬೀಳುತ್ತದೆ. ಕರಣೆಯಕ್ಕನಿಗೆ ಇದು ಮೂವತ್ತು ವರ್ಷದ ಕಸುಬು. ಹೆಸರು ಹಿಡಿದು ಕರೆಯುವವರು ಒಬ್ಬೊಬ್ಬರಾಗಿ ತೀರಿಹೋಗಿ, ಕೈಯಲ್ಲಿದ್ದ ಕರಣೆಯೇ ಅವಳ ಹೆಸರಾಗಿ ಉಳಿದಿತ್ತು. ಅವಳ ತಮ್ಮನೂ ಅದೇ ಕೆಲಸದವನು, ಇಟ್ಟಿಗೆ ಕಟ್ಟುವುದರಲ್ಲಿ ಎತ್ತಿದ ಕೈ. ಆದರೆ ಅವನು ಗೋಡೆ ಒಡೆಯುವುದನ್ನು ನೋಡಿದರೆ, ಆ ಗೋಡೆ ಅವನ ಹುಟ್ಟನ್ನೇ ಎತ್ತಿ ಬೈದಿದೆಯೇನೋ ಅನ್ನಿಸುತ್ತಿತ್ತು.

ಮನೆ ಅಪ್ಪ ಕಟ್ಟಿದ್ದು. ಅಪ್ಪ ಸತ್ತ ಮೇಲೆ ಹನ್ನೆರಡು ವರ್ಷ ಯಾರೋ ಅದರಲ್ಲಿ ಹಳೆಯ ಟೈರು ತುಂಬಿಟ್ಟಿದ್ದರು. ಟೈರು ಹೊರಗೆ ಹೋಗಿ, ಅಕ್ಕ ತಮ್ಮ ಒಳಗೆ ಬಂದು, ಬೀದಿ ಕಡೆಯ ನಡುಮನೆಯ ಗೋಡೆಯಿಂದ ಕೆಲಸ ಶುರು ಮಾಡಿದರು. ಮೊದಲ ದಿನವೇ ಏಳು ಪದರ ಸುಣ್ಣ ಉದುರಿತು. ಸುಣ್ಣದ ಹಿಂದೆ ತೇಪೆಗಳು ಕಂಡವು.

ಹನ್ನೊಂದು ತೇಪೆ. ಅಕ್ಕ ಎಣಿಸಬೇಕಾಗಿರಲಿಲ್ಲ, ಆದರೂ ಎಣಿಸಿದಳು. ಒಂದೊಂದರ ಗಾರೆಗೂ ಒಂದೊಂದು ಬಣ್ಣ. ಆಯಾ ವರ್ಷ ಯಾವ ಮರಳು ಸಿಕ್ಕಿತ್ತೋ ಆ ಬಣ್ಣ. ಬಾಗಿಲ ಪಕ್ಕದ್ದು ಅಪ್ಪ ಇಸ್ತ್ರಿಪೆಟ್ಟಿಗೆ ಬೀಸಿ ಒಗೆದದ್ದು. ಗೂಡಿನ ಮೇಲಿನದು ಕಬ್ಬಿಣದ ಕುರ್ಚಿ. ಮೂಲೆಯಲ್ಲಿ ಒತ್ತೊತ್ತಾಗಿ ಇದ್ದ ಮೂರು ಒಂದೇ ಸಂಜೆಯವು. ಕಿಟಕಿಯ ಕೆಳಗಿನ ಚಿಕ್ಕದು ಅಮ್ಮನ ತಲೆ.

ಸಂಜೆ ಒಡೆಯುವುದು, ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಮುಚ್ಚುವುದು, ಇದು ಅಪ್ಪನ ಪದ್ಧತಿ. ತಪ್ಪಾಯಿತು ಎಂಬ ಮಾತು ಆ ಮನುಷ್ಯನ ಬಾಯಿಂದ ಒಂದು ದಿನಕ್ಕೂ ಬರಲಿಲ್ಲ. ತೇಪೆ ಹಾಕುತ್ತಿದ್ದ, ಅಷ್ಟೇ. ಅಮ್ಮ ಊದಿದ ಕೆನ್ನೆಯಲ್ಲೇ ಬಾಂಡ್ಲಿ ಹಿಡಿದು ನಿಲ್ಲಬೇಕು. ಏಳು ವರ್ಷದ ಅಕ್ಕ ನೀರು ತರಬೇಕು. ತಮ್ಮ ಮರಳು ಜರಡಿ ಹಿಡಿಯಬೇಕು. ಯಾರೂ ಪಿಟಕ್ಕನ್ನುವಂತಿಲ್ಲ. ಮೇಲೆ ಸುಣ್ಣ ಬಳಿದು ಮುಗಿದರೆ ನಾಲ್ವರೂ ಕೂತು ಟೀ ಕುಡಿಯುವುದು. ಗೋಡೆ ಒಣಗಿತೆಂದರೆ ಜಗಳ ಆಗಿಯೇ ಇರಲಿಲ್ಲ. ಎದುರು ಮನೆಯವರಿಗೆ ಸದ್ದು ಕೇಳಿಸಿರುತ್ತಿತ್ತು, ಆದರೆ ನೋಡಲು ಬಂದವರಿಗೆ ಬೆಳ್ಳಗಿನ ಗೋಡೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ತಮ್ಮ ಸಮ್ಮಟಿಗೆ ಊರಿಕೊಂಡು ತೇಪೆಗಳನ್ನು ನೋಡಿದ. ಅವನ ಕಣ್ಣಲ್ಲಿ ಮೆಚ್ಚುಗೆ ಇತ್ತು.

"ಮುದುಕ ಎಂಥಾ ಕೆಲಸಗಾರ ನೋಡಕ್ಕ. ಇಷ್ಟು ವರ್ಷ ಆದ್ರೂ ಒಂದ್ರಲ್ಲೂ ಕೂದಲೆಳೆ ಬಿರುಕಿಲ್ಲ."

"ಅಷ್ಟೇನಾ ನಿಂಗೆ ಕಂಡಿದ್ದು?"

"ಸತ್ತೋನ ಮೇಲೆ ಏನು ಸಿಟ್ಟು ಬಿಡೇ," ಎಂದವನೇ ಕಿಟಕಿಯ ಕೆಳಗಿನ ತೇಪೆಗೆ ಸಮ್ಮಟಿಗೆ ಬೀಸಿದ. ಅದು ಮೂರು ಪೆಟ್ಟಿಗೂ ಜಗ್ಗಲಿಲ್ಲ. ನಾಲ್ಕನೆಯದಕ್ಕೆ ಇಟ್ಟಿಗೆ ಸಮೇತ ಕಿತ್ತು ಬಂತು.

ಈ ಮನೆ ಇಬ್ಬರಿಗಷ್ಟೇ ಅಲ್ಲ. ತಮ್ಮನ ಹೆಂಡತಿ ಎಂಟು ತಿಂಗಳಿಂದ ಮಗಳನ್ನು ಕರೆದುಕೊಂಡು ತವರಿನಲ್ಲಿದ್ದಳು. ಹೋಗುವಾಗ ಅವಳ ಎಡಗೈ ಎರಡು ಕಡೆ ಮುರಿದಿತ್ತು. ಅವನು ಹತ್ತು ಸಲ ಹೋಗಿ ಕಾಲು ಹಿಡಿದ. ಅವಳ ಮನಸ್ಸು ಕರಗಲಿಲ್ಲ. ಕೊನೆಗೆ ಅಕ್ಕ ಹೋದಾಗ ಅವಳು ಒಂದೇ ಮಾತು ಹೇಳಿದ್ದಳು.

"ಅವರ ಮಾತು ನಂಗೆ ಬೇಡ ಅಕ್ಕ. ನೀವು ಜೊತೇಲಿ ಇರ್ತೀರಾ ಅಂದ್ರೆ, ಅವರು ಸರಿಹೋಗಿದ್ದಾರೆ ಅಂತ ನೀವು ಬಾಯಿಬಿಟ್ಟು ಹೇಳಿದ್ರೆ, ಬರ್ತೀನಿ. ನಿಮ್ಮ ಮಾತಿನ ಮೇಲೆ ಬರ್ತೀನಿ."

ಆ ಮಾತನ್ನು ಅಕ್ಕ ಕೊರಳಿಗೆ ಕಟ್ಟಿಕೊಂಡು ಬಂದಿದ್ದಳು. ಐವತ್ತೊಂದು ವರ್ಷ, ಇಪ್ಪತ್ತು ವರ್ಷದಿಂದ ಒಂಟಿ ಬಾಡಿಗೆ ಕೋಣೆ, ಬೆಳಿಗ್ಗೆ ಎದ್ದರೆ ಮಾತಾಡಿಸಲು ಗೋಡೆ, ಕೆಲಸಕ್ಕೆ ಹೋದರೆ ಮತ್ತೆ ಗೋಡೆ. ಅವಳಿಗೆ ಆ ಮಗು ಬೇಕಿತ್ತು. "ಅತ್ತೆ" ಎಂದು ಕೂಗುತ್ತಾ ಒಂದು ಜೀವ ಮನೆತುಂಬ ಓಡಾಡುವುದು ಬೇಕಿತ್ತು. ಇದರಲ್ಲಿ ಮುಚ್ಚುಮರೆ ಏನಿಲ್ಲ. ಹಸಿದವರಿಗೆ ಅನ್ನ ಬೇಕಾದ ಹಾಗೆ ಬೇಕಿತ್ತು.

ತಮ್ಮನೂ ಆಡಿದಂತೆ ನಡೆದುಕೊಂಡ. ನಾಲ್ಕು ತಿಂಗಳು ಕೈ ಎತ್ತಲಿಲ್ಲ, ದನಿಯನ್ನೂ ಎತ್ತಲಿಲ್ಲ. ಇಬ್ಬರ ಕೆಲಸ ಒಬ್ಬನೇ ಮಾಡಿದ. ಮಗಳಿಗೆಂದು ಕಿಟಕಿಯ ಪಕ್ಕ ಕೂರುವಷ್ಟು ಅಗಲದ ಕಟ್ಟೆ ಕಟ್ಟಿದ. ಬಡಗಿ ಬಾಗಿಲನ್ನು ಬೆರಳಷ್ಟು ಗಿಡ್ಡ ಮಾಡಿ ತಂದಾಗಲೂ ನಕ್ಕು, "ಮನೆ ಕಡೆ ಅಳತೆ ಬಿಟ್ಟು ಬಂದ್ಯೇನಯ್ಯಾ?" ಎಂದಷ್ಟೇ ಕೇಳಿದ. ಅಕ್ಕನ ಎದೆಯ ಮೇಲಿನ ಕಲ್ಲು ಸ್ವಲ್ಪ ಸರಿದಿತ್ತು.

ಆಮೇಲೆ ಪ್ಲಂಬರ್ ಬಂದ.

ಪ್ಲಂಬರ್ ಕೆಟ್ಟವನಲ್ಲ, ಸೋಮಾರಿ. ಅಡುಗೆಮನೆಗೆ ಪೈಪು ಸುತ್ತಿ ತರುವ ಬದಲು ಅಡ್ಡದಾರಿ ಹಿಡಿದು, ಅಕ್ಕ ಎರಡು ತಿಂಗಳ ಹಿಂದಷ್ಟೇ ಗಿಲಾವು ಮಾಡಿದ್ದ ನಡುಮನೆಯ ಗೋಡೆಯನ್ನು ಸೊಂಟದೆತ್ತರಕ್ಕೆ ಉದ್ದಕ್ಕೂ ಕೊರೆಯಲು ಆಗಷ್ಟೇ ಶುರು ಮಾಡಿದ್ದ. ಯಂತ್ರದ ಸದ್ದು ಕೇಳಿ ತಮ್ಮ ಒಳಗಿನಿಂದ ಬಂದ.

"ಯಾರನ್ನ ಕೇಳಿ ಕೊರೀತಿದ್ದೀಯ?"

"ಹಿಂಗೆ ತಂದ್ರೆ ಪೈಪಿನ ಎರಡು ಬೆಂಡು ಉಳಿಯುತ್ತೆ ಮೇಸ್ತ್ರಿ. ಮತ್ತೆ ಮುಚ್ಚಿದ್ರಾಯ್ತು, ನಿಮ್ಮಕ್ಕನಿಗೆ ಅದೇ ತಾನೆ ಕೆಲಸ..."

ಪ್ಲಂಬರನ ನಗು ಇನ್ನೂ ಮುಖದ ಮೇಲೇ ಇತ್ತು. ತಮ್ಮ ಅವನ ತಲೆಗೂದಲನ್ನು ಹಿಡಿಯಾಗಿ ಹಿಡಿದು ಮುಖವನ್ನು ಗೋಡೆಗೆ ಅಪ್ಪಳಿಸಿದ. ಒಮ್ಮೆ. ಇನ್ನೊಮ್ಮೆ. ಮೂಗು ಮುರಿದ ಸದ್ದು ಪಕ್ಕದ ಕೋಣೆಯಲ್ಲಿದ್ದ ಅಕ್ಕನಿಗೆ ಕೇಳಿಸಿತು. ಅವಳು ಓಡಿ ಬರುವ ಹೊತ್ತಿಗೆ ಹೊಸ ಗಿಲಾವಿನ ಮೇಲೆ ರಕ್ತ ಇಳಿಯುತ್ತಿತ್ತು. ಪ್ಲಂಬರ್ ಕುಸಿದು ಗೋಡೆಗೊರಗಿದ್ದ. ತಮ್ಮ ಸಮ್ಮಟಿಗೆ ಎತ್ತಿದ್ದ.

"ಬೇಡ ಕಣೋ! ಬೇಡ!"

ಸಮ್ಮಟಿಗೆ ಪ್ಲಂಬರನ ಕಿವಿಯ ಪಕ್ಕ, ಒಂದು ಗೇಣು ಆಚೆ ಬಿತ್ತು. ಇಟ್ಟಿಗೆಯ ಚೂರು ಸಿಡಿದು ಅವನ ಕೆನ್ನೆ ಸೀಳಿತು. ಗೋಡೆಯಲ್ಲಿ ತಟ್ಟೆಯಗಲದ ಹಳ್ಳವಾಯಿತು. ತಮ್ಮ ಅದನ್ನು ನೋಡುತ್ತಾ ನಿಂತು, ನಿಟ್ಟುಸಿರು ಬಿಟ್ಟು, ಸಮ್ಮಟಿಗೆ ಕೆಳಗಿಟ್ಟ. ಪ್ಲಂಬರ್ ತನ್ನ ಸಾಮಾನನ್ನೂ ಎತ್ತಿಕೊಳ್ಳದೆ, ಟವೆಲನ್ನು ಮುಖಕ್ಕೆ ಒತ್ತಿಕೊಂಡು ಎದ್ದುಬಿದ್ದು ಓಡಿದ. ಮರಳಿ ಬರಲಿಲ್ಲ.

ಮಾರನೆಯ ಬೆಳಿಗ್ಗೆ ನಡೆದದ್ದು ಅದಕ್ಕಿಂತ ಕೆಟ್ಟದ್ದು. ಅಕ್ಕ ಬಂದಾಗ ತಮ್ಮ ಸಿಳ್ಳೆ ಹಾಕುತ್ತಾ ಮರಳು ಜರಡಿ ಹಿಡಿಯುತ್ತಿದ್ದ. ಅವಳು ಸೀದಾ ಬಾಂಡ್ಲಿ ಎತ್ತಿಕೊಂಡಳು. ಗಾರೆ ಕಲಸಿದಳು, ರಕ್ತ ಕೆರೆದಳು, ಹಳ್ಳಕ್ಕೆ ನೀರು ಚಿಮುಕಿಸಿದಳು, ತುಂಬಿದಳು. ಕರಣೆಯನ್ನು ಎಡದಿಂದ ಬಾಗಿಸಿ ಎಳೆದು, ಕೊನೆಗೆ ಅಂಚಿಗೆ ಒದ್ದೆ ಬಟ್ಟೆ ಒತ್ತಿದಾಗಲೇ ಅವಳಿಗೆ ಎಚ್ಚರವಾದದ್ದು. ಒದ್ದೆ ಬಟ್ಟೆ ಒತ್ತುವುದು ಅಪ್ಪನ ಕೈಚಳಕ. ಹನ್ನೊಂದು ಮುಗಿದು ಇದು ಹನ್ನೆರಡನೆಯದು, ಹಾಕಿದ್ದು ತಾನು.

"ಅಪ್ಪನ ಕೈ ಹಂಗೇ ಬಂದಿದೆ ನಿಂಗೆ," ಎಂದ ತಮ್ಮ. "ಟೀ ಮಾಡ್ಲಾ?"

ಅವಳು ಕುಡಿದಳು. ಅದನ್ನು ನೆನೆದು ಆಮೇಲೆ ಎಷ್ಟು ಸಲ ತನ್ನನ್ನು ತಾನೇ ಶಪಿಸಿಕೊಂಡಳೋ ಲೆಕ್ಕವಿಲ್ಲ. ಆದರೆ ಆ ಬೆಳಿಗ್ಗೆ ಟೀ ಕುಡಿದಳು, ಬಿಸಿಯಾಗಿಯೇ ಕುಡಿದಳು.

ಅದೇ ಮಧ್ಯಾಹ್ನ ತಮ್ಮನ ಹೆಂಡತಿ ಫೋನ್ ಮಾಡಿದಳು.

"ಭಾನುವಾರ ಬಂದು ನೋಡೋಣ ಅಂತಿದ್ದೀನಿ ಅಕ್ಕ. ಬಟ್ಟೆ ತಗೊಂಡೇ ಬರ್ತೀವಿ. ಒಂದು ಮಾತು ಕೇಳ್ತೀನಿ, ನಿಜ ಹೇಳಿ. ಇಷ್ಟು ದಿನದಲ್ಲಿ ಅವರು ಯಾರ ಮೇಲಾದ್ರೂ ಕೈ ಮಾಡಿದ್ರಾ? ಏನಾದ್ರೂ ಒಡೆದ್ರಾ?"

ಅಕ್ಕನ ಕಣ್ಣೆದುರಿಗೇ ಗೋಡೆಯ ಮೇಲೆ ತೇಪೆ ಕಪ್ಪಗೆ ಒದ್ದೆಯಾಗಿತ್ತು.

"ಇಲ್ಲ ಕಣಮ್ಮ," ಅಂದಳು. "ಏನೂ ಇಲ್ಲ. ಬಾ."

ಹಸಿ ತೇಪೆ ಪೂರ್ತಿ ಒಣಗಲು ಎರಡು ವಾರವಾದರೂ ಬೇಕು. ಅದಕ್ಕೆ ಮುಂಚೆ ಬಣ್ಣ ಬಳಿದರೆ ಒಳಗಿನ ನೀರು ಬಣ್ಣವನ್ನು ಎತ್ತಿ ಗುಳ್ಳೆ ಮಾಡುತ್ತದೆ. ಎಷ್ಟು ಜನ ಹೊಸಬರಿಗೆ ಅಕ್ಕ ಇದನ್ನೇ ಹೇಳಿ ಉಗಿದಿದ್ದಳು! ಭಾನುವಾರಕ್ಕೆ ಐದೇ ದಿನ. ಗುರುವಾರ ಅವಳೇ ಬ್ರಷ್ಷು ಹಿಡಿದು ಆ ಗೋಡೆಗೆ ತಿಳಿಹಳದಿ ಬಳಿದಳು, ಮುಚ್ಚಿಡುವಂಥದ್ದು ಇದ್ದವರು ಮಾತ್ರ ಮಾಡುವ ತಪ್ಪು ಅದು.

ಭಾನುವಾರ ಹತ್ತು ಗಂಟೆಗೆ ತಾಯಿ ಮಗಳು ಬಂದರು, ಎರಡು ಚೀಲ ಹಿಡಿದು. ತಮ್ಮ ಇಸ್ತ್ರಿ ಮಾಡಿದ ಅಂಗಿ ಹಾಕಿ, ಕೂದಲು ಒಪ್ಪವಾಗಿ ಬಾಚಿ, ಹೆಣ್ಣು ನೋಡಲು ಹೊರಟವನ ಹಾಗೆ ನಾಚಿಕೊಂಡು ನಿಂತಿದ್ದ. ಮಗಳು ಒಂದು ಸುತ್ತು ಮನೆಯನ್ನೆಲ್ಲ ಓಡಿ ನೋಡಿ ಬಂದಳು.

"ಅತ್ತೆ, ಕಟ್ಟೆ ನನ್ದಾ?"

"ನಿಂದೇ ಕಣೇ ರಾಣಿ. ಬೇರೆ ಯಾರು ಕೂತ್ರೂ ಬಾಡಿಗೆ ವಸೂಲಿ ಮಾಡು."

ಹೆಂಡತಿ ನಿಧಾನವಾಗಿ ನೋಡುತ್ತಾ ಬಂದಳು. ಅಡುಗೆಮನೆಯ ನಲ್ಲಿ ತಿರುಗಿಸಿದಳು, ಕೋಣೆಯ ಚಿಲಕ ಒಳಗಿನಿಂದ ಬೀಳುತ್ತದೆಯೇ ಎಂದು ಹಾಕಿ ತೆಗೆದಳು. ನಡುಮನೆಗೆ ಬಂದಾಗ ಬೀದಿಯ ಗೋಡೆಯ ಎದುರು ನಿಂತಳು. ತಿಳಿಹಳದಿಯ ನಡುವೆ ತಟ್ಟೆಯಗಲ ಬಣ್ಣ ಬೊಬ್ಬೆ ಎದ್ದಿತ್ತು. ಅವಳು ಹೆಬ್ಬೆರಳು ಒತ್ತಿದಳು. ಬಣ್ಣ ಸಿಪ್ಪೆಯಂತೆ ಸುಲಿದು ಬಂತು, ಕೆಳಗೆ ಹೊಸ ಗಾರೆ ಕಂಡಿತು.

"ಇದು ಯಾವಾಗಿಂದು?"

"ಪೈಪು ಸ್ವಲ್ಪ ಜಿನುಗ್ತಿತ್ತು," ಎಂದ ತಮ್ಮ, ನಗುತ್ತಾ. "ಪ್ಲಂಬರ್ ಎಡವಟ್ಟು ಮಾಡಿದ್ದ."

ಅವಳು ಅವನ ಕಡೆ ತಿರುಗಲೇ ಇಲ್ಲ. "ಅಕ್ಕ, ನೀವು ಹೇಳಿ."

ಹೌದು ಪೈಪು ಎಂದುಬಿಟ್ಟರೆ ಮಗು ಕಟ್ಟೆಯ ಮೇಲೆ ಕೂರುತ್ತದೆ, ಚೀಲ ಬಿಚ್ಚುತ್ತಾರೆ, ಸಂಜೆ ನಾಲ್ವರ ಅಡುಗೆಯಾಗುತ್ತದೆ. ಅಕ್ಕನ ಬಾಯಿ ತೆರೆಯಿತು, ಮಾತು ಹೊರಡಲಿಲ್ಲ. ಆ ಹೆಣ್ಣಿಗೆ ಅಷ್ಟು ಸಾಕಾಯಿತು.

"ನಿಮ್ಮ ಮಾತಿನ ಮೇಲೆ ಬಂದೆನಲ್ಲ ಅಕ್ಕ," ಎಂದು ಮೆಲ್ಲಗೆ ಹೇಳಿ, ಚೀಲ ಎತ್ತಿಕೊಂಡು ಮಗಳಿಗೆ ಕೈ ಚಾಚಿದಳು.

ತಮ್ಮ ಬಾಗಿಲಿಗೆ ಅಡ್ಡ ನಿಂತ. "ಎಲ್ಲಿಗೆ? ನಾಲ್ಕು ತಿಂಗಳಿಂದ ನಾಯಿ ಥರ ದುಡಿದಿದ್ದೀನಿ. ಒಂದು ಗುಳ್ಳೆ ನೋಡಿ ಹೋಗ್ತೀಯಾ?"

"ದಾರಿ ಬಿಡಿ."

"ಯಾರಿಗೋಸ್ಕರ ಕಟ್ಟಿದೆ ಇದನ್ನ? ಯಾರಿಗೋಸ್ಕರ?"

"ಬಿಡಿ ಅಂದೆ."

ಅವನು ಅವಳ ಜಡೆ ಹಿಡಿದ. ಮೊದಲು ಎಳೆದ, ಆಮೇಲೆ ತಿರುಗಿಸಿ ಗೋಡೆಗೆ ಎಸೆದ. ತೇಪೆಗೇ ಅವಳ ಹಣೆ ತಾಗಿತು. ಅಕ್ಕ ಇಬ್ಬರ ನಡುವೆ ನುಗ್ಗಿದಳು. ಅವನ ಮೊಣಕೈ ಅವಳ ಪಕ್ಕೆಗೆ ಬಿದ್ದು ಉಸಿರೇ ಹೊರಟುಹೋಯಿತು, ಬಣ್ಣದ ಡಬ್ಬಗಳ ಮೇಲೆ ಮಗುಚಿ ಬಿದ್ದಳು. ಅವನು ಹೆಂಡತಿಯ ಹೊಟ್ಟೆಗೆ ಒದ್ದ. ಮತ್ತೆ ಒದ್ದ. ಆಮೇಲೆ ಮೂಲೆಯಲ್ಲಿದ್ದ ಸಮ್ಮಟಿಗೆ ಎತ್ತಿಕೊಂಡ. ಅಕ್ಕ ತೆವಳಿಕೊಂಡು ಬಂದು ಆ ಹೆಣ್ಣಿನ ಮೈಮೇಲೆ ಕವುಚಿಕೊಂಡಳು, ಕಣ್ಣು ಮುಚ್ಚಿಕೊಂಡಳು.

ಪೆಟ್ಟು ಗೋಡೆಗೆ ಬಿತ್ತು. ಅವನು ಬೈಯುತ್ತಾ, ಅಳುತ್ತಾ, ಅದೇ ತೇಪೆಯ ಮೇಲೆ ಬಾರಿಸಿದ. ಗಾರೆ ಹಾರಿತು, ಇಟ್ಟಿಗೆ ಪುಡಿಯಾಯಿತು, ಚೂರುಗಳು ಇಬ್ಬರು ಹೆಂಗಸರ ಬೆನ್ನ ಮೇಲೆ ಸುರಿದವು. ಆರನೆಯದಕ್ಕೋ ಏಳನೆಯದಕ್ಕೋ ಒಂದು ಇಟ್ಟಿಗೆ ಆಚೆ ಬೀದಿಗೆ ಹೋಗಿ ಬಿತ್ತು. ಬಿಸಿಲು ಒಳಗೆ ನುಗ್ಗಿತು. ಅವನು ನಿಲ್ಲಿಸಲಿಲ್ಲ. ಒಬ್ಬ ಮನುಷ್ಯ ತಲೆ ತೂರಿಸುವಷ್ಟು ಕಿಂಡಿಯಾದ ಮೇಲೆ ಸಮ್ಮಟಿಗೆ ಬಿಟ್ಟು, ಮಗಳ ಕಟ್ಟೆಯ ಮೇಲೆ ಕುಸಿದು ಕೂತ.

"ತಪ್ಪಾಯ್ತು," ಎಂದ. ಅಪ್ಪನಿಗೂ ಇವನಿಗೂ ಇದ್ದ ವ್ಯತ್ಯಾಸ ಅಷ್ಟೇ. "ತಪ್ಪಾಯ್ತು ಕಣೇ. ಸರಿ ಮಾಡ್ತೀನಿ."

ಹೆಂಡತಿ ಗೋಡೆಯ ಬುಡದಲ್ಲಿ ಮುದುಡಿ ಕೂತು ಹಣೆಯ ರಕ್ತವನ್ನು ಸೆರಗಿಗೆ ಒತ್ತಿಕೊಳ್ಳುತ್ತಿದ್ದಳು. ಆಗ ಹಿತ್ತಲ ಕಡೆಯಿಂದ ತುಳುಕುವ ನೀರಿನ ಸದ್ದು ಬಂತು.

ಮಗು ಬಣ್ಣದ ಖಾಲಿ ಡಬ್ಬದಲ್ಲಿ ನೀರು ತುಂಬಿ, ಎರಡೂ ಕೈಯಲ್ಲಿ ಹಿಡಿದು, ಚೆಲ್ಲದಂತೆ ಹೆಜ್ಜೆ ಇಡುತ್ತಾ ಬಂದಳು. ಅವಳ ಮುಖದಲ್ಲಿ ಅಳು ಇರಲಿಲ್ಲ. ಡಬ್ಬವನ್ನು ಅಕ್ಕನ ಪಕ್ಕ ಇಟ್ಟಳು, ಒಳಗೆ ಹೋಗಿ ಕರಣೆ ತಂದಳು, ಅದನ್ನೂ ಇಟ್ಟಳು.

"ಇಷ್ಟು ನೀರು ಸಾಕಾ ಅತ್ತೆ? ಮುಂಚಿನ ಮನೇಲಿ ಅಪ್ಪನಿಗೆ ನಾನು ಇಷ್ಟೇ ತರ್ತಿದ್ದೆ."

ಏಳು ವರ್ಷ. ಅಕ್ಕ ಆ ಡಬ್ಬವನ್ನು ನೋಡಿದಳು, ಅದನ್ನು ಹಿಡಿದಿದ್ದ ಒದ್ದೆ ಬೆರಳುಗಳನ್ನು ನೋಡಿದಳು. ತಾನು ಇಂಥದೇ ಬೆಳಿಗ್ಗೆಗಳಲ್ಲಿ ತುಳುಕಿಸದೆ ನೀರು ತಂದದ್ದೆಲ್ಲ ಕಣ್ಣಿಗೆ ಕಟ್ಟಿತು. ತುಳುಕಿಸಿದ್ದರೆ ಏನಾಗುತ್ತಿತ್ತು? ಏನಾಗುತ್ತಿತ್ತೋ ಅದಾದರೂ ಆಗಬೇಕಿತ್ತು. ಅವಳಿಗೆ ಸಿಟ್ಟು ಬಂತು. ನಲವತ್ತನಾಲ್ಕು ವರ್ಷ ತಡವಾಗಿ ಬಂದ ಸಿಟ್ಟು.

ಡಬ್ಬವನ್ನು ಒದ್ದಳು. ನೀರು ನೆಲದ ಉದ್ದಕ್ಕೂ ಹರಿಯಿತು.

"ಎದ್ದೇಳೋ," ಅಂದಳು. "ಹೊರಗೆ ಹೋಗು."

"ಅಕ್ಕ, ನಾಳೆ ಬೆಳಿಗ್ಗೆ ಕೂತು ಮುಚ್ಚಿಬಿಡೋಣ. ನೀನು ಗಾರೆ ಕಲಸು, ನಾನು..."

"ಹೊರಗೆ ಹೋಗು ಅಂದೆ."

ಅವನ ಮುಖ ಬದಲಾಯಿತು. "ನನ್ನ ಮನೆಯಿಂದ ನನ್ನನ್ನೇ ಕಳಿಸ್ತೀಯಾ?" ಎಂದು ಬಲಗೈಯನ್ನು ಕಟ್ಟೆಗೆ ಊರಿ ಮೇಲೇಳಲು ಹೊರಟ. ಅಕ್ಕನ ಕೈಗೆ ಉಳಿ ಹೊಡೆಯುವ ಸುತ್ತಿಗೆ ಸಿಕ್ಕಿತು. ಮೂವತ್ತು ವರ್ಷ ಒಂದು ಪೆಟ್ಟೂ ಗುರಿ ತಪ್ಪದ ಕೈ. ಅವನು ಊರಿದ್ದ ಬೆರಳುಗಳ ಮೇಲೆ, ಕಟ್ಟೆಯ ಕಲ್ಲಿನ ಮೇಲೆ, ಪೂರ್ತಿ ತೋಳಿನಿಂದ ಇಳಿಸಿದಳು. ಮೂಳೆ ಪುಡಿಯಾದದ್ದು ಹಿಡಿಕೆಯ ಮೂಲಕ ಅವಳ ಅಂಗೈಗೆ ತಿಳಿಯಿತು. ಅವನು ಕೂಗಿದ ಕೂಗಿಗೆ ಮಗು ಕಿವಿ ಮುಚ್ಚಿಕೊಂಡಿತು. ಅವನ ಎಡಗೈ ಅವಳ ಕುತ್ತಿಗೆಗೆ ಬಂತು. ಅವಳು ಇನ್ನೊಮ್ಮೆ ಹೊಡೆದಳು, ಈ ಸಲ ಭುಜಕ್ಕೆ.

"ಸಾಯಿಸ್ಬಿಡ್ತೀಯೇನೇ!" ಎಂದು ಅರಚಿದ.

"ಬಾ, ನೋಡೋಣ," ಅಂದಳು ಅಕ್ಕ. ನಿಜಕ್ಕೂ ಹಾಗೇ ಅಂದಳು.

ಕಿಂಡಿಯಾಚೆ ಬೀದಿಯಲ್ಲಿ ಜನ ಸೇರಿದ್ದರು. ಎದುರಿನ ಸೈಕಲ್ ಅಂಗಡಿಯವನು, ಯಾರೋ ಇಬ್ಬರು ಹೆಂಗಸರು. ಇಷ್ಟು ವರ್ಷ ಸದ್ದು ಮಾತ್ರ ಕೇಳಿದ್ದ ಬೀದಿ ಆವತ್ತು ಮೊದಲ ಬಾರಿಗೆ ಒಳಗೆ ನೋಡುತ್ತಿತ್ತು. ತಮ್ಮ ಅವರನ್ನು ಕಂಡ. ಅವನನ್ನು ಸೋಲಿಸಿದ್ದು ಸುತ್ತಿಗೆಯಲ್ಲ, ಆ ಕಣ್ಣುಗಳು. ಜೋತುಬಿದ್ದ ಕೈಯನ್ನು ಎದೆಗವುಚಿಕೊಂಡು, ತಲೆ ತಗ್ಗಿಸಿ ಹೊರಗೆ ಹೋದ.

ಪೊಲೀಸ್ ಠಾಣೆಯಲ್ಲಿ ಅಕ್ಕ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಪ್ಲಂಬರನ ಮೂಗು, ಹೆಂಡತಿಯ ಹಣೆ, ಎಲ್ಲ.

"ಒಡೆದದ್ದು ಅವನು, ಮುಚ್ಚಿದ್ದು ನಾನು. ಬರ್ಕೊಳಿ."

"ಅವನ ಕೈ?"

"ಅದೂ ನಾನೇ. ಅದನ್ನೂ ಬರ್ಕೊಳಿ."

ತಮ್ಮನ ಹೆಂಡತಿ ಹಣೆಗೆ ಹೊಲಿಗೆ ಹಾಕಿಸಿಕೊಂಡು, ಅದೇ ಎರಡು ಚೀಲ ಹಿಡಿದು ತವರಿನ ಬಸ್ಸು ಹತ್ತಿದಳು. ಅಕ್ಕ ಬಸ್ಸಿನ ಕೆಳಗೆ ನಿಂತು, ಕಿಟಕಿಯ ಸರಳು ಹಿಡಿದುಕೊಂಡಿದ್ದಳು.

"ನಿಮ್ಮ ಮನೆಯವ್ರಿಗೆಲ್ಲ ಕೆಲಸ ತುಂಬಾ ಚೆನ್ನಾಗಿ ಬರುತ್ತೆ ಅಕ್ಕ," ಎಂದಳು ಅವಳು. "ನಂಗೆ ಅದೇ ಹೆದರಿಕೆ." ಬಸ್ಸು ಹೊರಟಿತು. ಮಗು ಕೈ ಬೀಸಿತು.

ಅಕ್ಕ ಬಾಡಿಗೆ ಕೋಣೆ ಬಿಟ್ಟು ಆ ಮನೆಗೆ ಒಬ್ಬಳೇ ಬಂದಳು. ಬೀಗ ಬದಲಿಸಿದಳು. ಒಂದೂವರೆ ತಿಂಗಳ ನಂತರ ತಮ್ಮ ಜಾಮೀನಿನ ಮೇಲೆ ಹೊರಗೆ ಬಂದವನು, ಎಡ ಹೆಗಲ ಮೇಲೆ ಸಿಮೆಂಟು ಚೀಲ ಹೊತ್ತು ಬೀದಿಯಲ್ಲಿ ಬಂದು ನಿಂತ. ಬಲಗೈಯ ಬೆರಳುಗಳು ವಕ್ರವಾಗಿ ಕೂಡಿಕೊಂಡಿದ್ದವು.

"ಅಕ್ಕ, ಜನ ನೋಡ್ತಾರೆ. ಮುಚ್ಚೋಣ ಬಾ."

ಅಕ್ಕ ಕಿಂಡಿಯ ಈಚೆ ಸುತ್ತಿಗೆ ಹಿಡಿದು ನಿಂತಿದ್ದಳು. ಎದುರಿಗೆ ಸೈಕಲ್ ಅಂಗಡಿಯವನು ಪಂಪು ಕೆಳಗಿಟ್ಟು ಎದ್ದು ನಿಂತ. ತಮ್ಮ ಅವನನ್ನು ತಿರುಗಿ ನೋಡಿದ. ಆಮೇಲೆ ಚೀಲವನ್ನು ಅಲ್ಲೇ ಎತ್ತಿ ಹಾಕಿ, ಅದನ್ನು ಒದ್ದು, ಹೋದ. ಚೀಲ ಒಡೆದು ಸಿಮೆಂಟು ಬೀದಿಗೆ ಚೆಲ್ಲಿತು. ಅಕ್ಕ ಅದನ್ನು ಗುಡಿಸಲಿಲ್ಲ, ಸಂಜೆಯ ಮಳೆಗೆ ಅಲ್ಲೇ ಕಲ್ಲಾಯಿತು.

ಆ ವಾರದಲ್ಲೇ ಫೋನ್ ಬಂತು. ಅತ್ತ ಕಡೆಯಿಂದ ಕ್ಷೇಮ ಸಮಾಚಾರ ಏನಿಲ್ಲ, ನೇರವಾಗಿ ಪ್ರಶ್ನೆ.

"ಅವರು ಬಂದಿದ್ರಾ ಅಕ್ಕ?"

"ಬಂದಿದ್ದ."

"ಏನಾದ್ರೂ ಒಡೆದ್ರಾ?"

"ಸಿಮೆಂಟ್ ಚೀಲ ಒಡೆದ. ಬೀದೀಲಿ. ನಾನು ಸುತ್ತಿಗೆ ಹಿಡಿದು ಒಳಗೆ ನಿಂತಿದ್ದೆ. ಕಾಲು ನಡುಗ್ತಿತ್ತು."

ಅಕ್ಕ ಕಿಂಡಿಯ ಅಂಚಿನ ಮುರಿದ ಇಟ್ಟಿಗೆಯನ್ನು ಬೆರಳಿನಿಂದ ಮುಟ್ಟಿ ನೋಡುತ್ತಾ ನಿಂತಿದ್ದಳು. ಒಳಗೆ ಹೊಡೆದ ಮಳೆಗೆ ಮಗುವಿನ ಕಟ್ಟೆ ಅರ್ಧ ನೆನೆದಿತ್ತು.

"ಗೋಡೆ?" ಎಂದಳು ತಮ್ಮನ ಹೆಂಡತಿ.

"ಹಾಗೇ ಇದೆ ಕಣಮ್ಮ. ಮುಚ್ಚಿಲ್ಲ."